ದೋಣಿಯ ಮುಂದಿನ ಮಣೆ

ಭಾನುವಾರ ಮಧ್ಯಾಹ್ನ ಅತ್ತಿಗೆ ನಡುಮನೆಯ ಕುರ್ಚಿ ಮೇಜುಗಳನ್ನೆಲ್ಲ ಗೋಡೆಗೆ ಒತ್ತರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಣಿ ಬರೆದಳು. ಟೇಪು ಹಿಡಿದು ಅಳೆದು ಬರೆದದ್ದು. ಬಾಡಿಗೆಗೆ ಗೊತ್ತು ಮಾಡಿದ ದೋಣಿ ಎಷ್ಟು ಉದ್ದವೋ ಅಷ್ಟೇ ಉದ್ದ, ಎಷ್ಟು ಅಗಲವೋ ಅಷ್ಟೇ ಅಗಲ. ಮೂತಿ ಅಡಿಗೆಮನೆಯ ಹೊಸ್ತಿಲಿಗೆ ತಾಗಿತು, ಬಾಲ ಸೋಫಾದ ಕೆಳಗೆ ಹೋಯಿತು.

"ಇದರೊಳಗೆ ಹಿಡಿಸಿದ್ದು ಬರುತ್ತೆ. ಹಿಡಿಸದೆ ಇದ್ದದ್ದು ಮನೇಲೇ ಇರುತ್ತೆ," ಎಂದಳು.

"ನನ್ನನ್ನೂ ಸೇರಿಸಿ," ಎಂದ ಅಣ್ಣ, ಸೋಫಾದ ಮೇಲಿಂದ. ಪಟ್ಟಿ ಸುತ್ತಿದ ಅವನ ಮಂಡಿ ಸ್ಟೂಲಿನ ಮೇಲಿತ್ತು.

ಎಲ್ಲ ಆ ಮಂಡಿಯಿಂದಲೇ ಬಂದದ್ದು. ಹೋದ ಬೇಸಿಗೆಯಲ್ಲಿ ಗಂಡ ಹೆಂಡತಿ ಒಬ್ಬ ಗೈಡಿನ ಗುಂಪಿನ ಜೊತೆ ಇದೇ ನದಿಯಲ್ಲಿ ಹೋಗಿಬಂದಿದ್ದರು. ಈ ಸಲ ಗೈಡು ಬೇಡ, ನಾವೇ ಹೋಗೋಣ ಎಂದು ಅತ್ತಿಗೆ ಹಟ ಹಿಡಿದಳು. ಬಸ್ಸು ಓಡಿಸುವವಳು ಅವಳು, ಇನ್ನೊಬ್ಬರ ಹಿಂದೆ ಹೋಗುವುದೆಂದರೆ ಮೈಗೆ ಒಗ್ಗುವುದಿಲ್ಲ. ಅಷ್ಟರಲ್ಲಿ ಅಣ್ಣ ಮೆಟ್ಟಿಲಲ್ಲಿ ಜಾರಿದ. ದೋಣಿಯ ಮುಂದಿನ ಮಣೆ ಅವನ ತಂಗಿಯ, ಎಂದರೆ ಅತ್ತಿಗೆಯ ನಾದಿನಿಯ ಪಾಲಿಗೆ ಬಂತು.

ನಾದಿನಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಮನೆಯಲ್ಲಿ ಅವಳಿಗೆ "ಇನ್ನೊಂದ್ಸಲ" ಎಂದೇ ಹೆಸರು. ಬೀಗ ಹಾಕಿ ಬೀದಿಯ ತುದಿ ಮುಟ್ಟಿದವಳು "ಇನ್ನೊಂದ್ಸಲ ನೋಡಿ ಬರ್ತೀನಿ" ಎಂದು ವಾಪಸು ಓಡುತ್ತಿದ್ದಳು. ಹಾಗಿದ್ದೂ ಈ ಎರಡು ತಿಂಗಳು ರಜೆ ಸಿಕ್ಕಾಗಲೆಲ್ಲ ಅತ್ತಿಗೆಯ ಜೊತೆ ಕೆರೆಯಲ್ಲಿ ಹುಟ್ಟು ಹಾಕಿ ಕಲಿತಿದ್ದಳು. ನೀರಿನ ಮೇಲೆ ಕೈಗಳು ಅವಳನ್ನು ಕೇಳದೆಯೇ ಕೆಲಸ ಮಾಡುತ್ತಿದ್ದವು. ಅಂಥ ನೆಮ್ಮದಿ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ನದಿಗೆ ಹೋಗಲೇಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲೇ.

"ಎಲ್ಲಿ, ನಿನ್ನ ಚೀಲ ಕೊಡು," ಎಂದಳು ಅತ್ತಿಗೆ.

ನೀರು ಹೋಗದ ರಬ್ಬರು ಚೀಲ ಅದು. ಬಾಯನ್ನು ಮೂರು ಸುತ್ತು ಮಡಿಸಿ ಕೊಕ್ಕೆ ಹಾಕಬೇಕು. ಅತ್ತಿಗೆ ಅದನ್ನು ಬಚ್ಚಲಿಗೆ ಒಯ್ದು ತೊಟ್ಟಿಯಲ್ಲಿ ಮುಳುಗಿಸಿ ಅದುಮಿದಳು. ಬುಳುಬುಳು ಗುಳ್ಳೆ ಎದ್ದಿತು. ತೆಗೆದು ನೋಡಿದರೆ ಒಳಗಿದ್ದ, ಮೈ ತೂರಿಸಿ ಮಲಗುವ ಚೀಲ ತೊಪ್ಪೆಯಾಗಿತ್ತು. ಅದರ ಮೇಲೆ ಎರಡು ಸ್ವೆಟರು, ಅದರ ಮೇಲೆ ಮತ್ತೊಂದು ಸ್ವೆಟರು. ಕಂಠಪೂರ್ತಿ ತುಂಬಿದ ಚೀಲಕ್ಕೆ ಒಂದು ಮಡಿಕೆ ಕೂಡ ಸರಿಯಾಗಿ ಬಿದ್ದಿರಲಿಲ್ಲ.

"ನೀರಿಗೆ ಬಿದ್ರೆ ಚಳಿಯಾಗಬಾರದು ಅಂತ ಇಟ್ಕೊಂಡೆ, ಅತ್ತಿಗೆ."

"ಚಳಿಗೆ ಹೆದರಿ ತುಂಬಿದ್ದಕ್ಕೇ ಬೀಳದೇನೇ ಒದ್ದೆಯಾಯ್ತು ನೋಡು."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾದಿನಿ ಮುಖ ಚಿಕ್ಕದು ಮಾಡಿಕೊಂಡಳು.

ಅತ್ತಿಗೆ ನಗಲಿಲ್ಲ. ಸೀಮೆಸುಣ್ಣದ ದೋಣಿಯೊಳಗೆ ಹಿಂದೆ ಕೂತು, ನಾದಿನಿಯನ್ನು ಮುಂದೆ ಕೂರಿಸಿದಳು. ಇಬ್ಬರ ನಡುವೆ ಡೇರೆ, ಪಾತ್ರೆ, ಒಲೆ, ಅಕ್ಕಿಚೀಲ.

"ಈಗ ಹೇಳು, ನನಗೇನು ಕಾಣುತ್ತೆ? ಸಾಮಾನು, ನಿನ್ನ ಬೆನ್ನು. ಮುಂದೆ ಕೂತೋರೇ ಕಣ್ಣು. ನೀನು ನಿಲ್ಸು ಅಂದ್ರೆ ಯಾಕೆ ಏನು ಅಂತ ಕೇಳದೆ ನಿಲ್ಲಿಸ್ತೀನಿ. ಆದ್ರೆ ನೀನು ಇನ್ನೊಂದ್ಸಲ ನೋಡ್ತೀನಿ ಅಂತ ಕೂತ್ರೆ ನದಿ ಕಾಯುತ್ತೇನೇ? ಬೇಜಾರು ಮಾಡ್ಕೋಬೇಡ. ಆಗಲ್ಲ ಅನ್ಸಿದ್ರೆ ಈಗಲೇ ಹೇಳ್ಬಿಡು. ಗೈಡಿನ ಗುಂಪಿಗೆ ಹೆಸರು ಕೊಡೋಣ."

"ಆಗುತ್ತೆ," ಎಂದಳು ನಾದಿನಿ. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಅತ್ತಿಗೆ ನಕ್ಷೆಯನ್ನು ರಟ್ಟಿನ ಮೇಲೆ ಹರಡಿ, ಗುಂಡುಸೂಜಿ ಚುಚ್ಚುತ್ತ ಅಣ್ಣನಿಗೆ ಒಪ್ಪಿಸತೊಡಗಿದಳು. ಎಲ್ಲಿ ಹೊರಡುವುದು, ಎಲ್ಲಿ ತಂಗುವುದು, ಯಾವತ್ತು ಫೋನು ಬರದಿದ್ದರೆ ಅವನು ಯಾರಿಗೆ ತಿಳಿಸಬೇಕು.

"ನಿನ್ನತ್ತಿಗೆ ನದಿಗೂ ಬಸ್ಸಿನ ಟೈಮು ಹಾಕಿದಾಳೆ. ಮೀನು ಕೈ ಅಡ್ಡ ಹಾಕಿದ್ರೂ ನಿಲ್ಸಲ್ಲ," ಎಂದ ಅಣ್ಣ.

"ಬಾಯಿ ಮುಚ್ಕೊಂಡು ಬರ್ಕೊಳ್ಳಿ. ಎರಡನೇ ದಿನ ಒಡ್ಡು. ಅಲ್ಲಿ ಎಡದಂಡೆಗೆ ಇಳಿದು, ದೋಣಿ ಹೊತ್ಕೊಂಡು ಒಡ್ಡು ದಾಟಿ, ಕೆಳಗಿನ ಮರಳಲ್ಲಿ ಡೇರೆ. ಹೋದ ಸಲ ಹೇಗೋ ಹಾಗೇ."

ಒಡ್ಡು ಎಂದರೆ ನದಿಗೆ ಅಡ್ಡ ಕಟ್ಟಿದ ಗಿಡ್ಡ ಕಟ್ಟೆ. ನೀರು ಅದರ ತಲೆ ಮೇಲಿಂದ ಬೀಳುತ್ತದೆ. ದೋಣಿಯೂ ಬಿದ್ದರೆ ಕತೆ ಮುಗಿದಂತೆ.

ನಾದಿನಿಯ ಕಣ್ಣು ಗೋಡೆಯ ಫೋಟೋದ ಮೇಲೆ ಹೋಯಿತು. ಅದೇ ಒಡ್ಡಿನ ಪಕ್ಕ ಅಣ್ಣ ಅತ್ತಿಗೆ ಹಲ್ಲು ಕಿರಿದು ನಿಂತಿದ್ದರು. ಅವರ ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಚಾಚಿ ಫೋಟೋದ ಅಂಚು ದಾಟಿತ್ತು. ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚಿನ ನೆರಳು ಅದು. ಅದೂ ಬೇಸಿಗೆಯಲ್ಲಿ, ಹಗಲು ದೊಡ್ಡದಿದ್ದಾಗ. ಈಗ ಹಗಲು ಗಿಡ್ಡ. ಅದೇ ಲೆಕ್ಕದಲ್ಲಿ ಹೋದರೆ?

ಅವಳು ಮತ್ತೆ ನೋಡಿದಳು. ತಪ್ಪು ತಿಳಿದಿರಬಹುದೇ ಎಂದು ಇನ್ನೊಮ್ಮೆ ನೋಡಿದಳು. ಇದೀಗ ತಾನೇ ಚೀಲ ತೋಯಿಸಿಕೊಂಡವಳು, ಈಗ ಇದನ್ನೂ ಎತ್ತಿದರೆ ಹೆದರುಪುಕ್ಕಲಿ ಎಂದು ಮನೆಯಲ್ಲೇ ಬಿಟ್ಟುಹೋಗುತ್ತಾರೆ. ಅತ್ತಿಗೆಯ ಕೈಯಲ್ಲಿನ ಸೂಜಿ ಒಡ್ಡು ದಾಟಿ ಮರಳಿನ ಕಡೆ ಸರಿಯುತ್ತಿತ್ತು.

"ನಿಲ್ಸಿ!"

ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಅತ್ತಿಗೆಯ ಕೈ ನಿಂತಿತು.

"ನಾವು ಒಡ್ಡಿಗೆ ಹೋಗೋ ಹೊತ್ತಿಗೆ ಕತ್ತಲಾಗಿರುತ್ತೆ. ಫೋಟೋದಲ್ಲಿ ನೆರಳು ನೋಡಿ. ಬೇಸಿಗೇಲೇ ಅಷ್ಟು ಹೊತ್ತಾಗಿತ್ತು."

"ಇನ್ನೊಂದ್ಸಲ ನೋಡಿ ಹೇಳಮ್ಮಾ," ಎಂದು ಅಣ್ಣ ಕಿಚಾಯಿಸಿದ.

"ನೋಡಿಯಾಯ್ತು."

ಅತ್ತಿಗೆ ಎದ್ದು ಹೋಗಿ ಫೋಟೋಗೆ ಮೂಗು ತಾಗುವಷ್ಟು ಹತ್ತಿರ ನಿಂತಳು.

"ಆ ಒಡ್ಡು ಮೇಲಿಂದ ಬರುವಾಗ ಹೇಗೆ ಕಾಣುತ್ತೆ?" ನಾದಿನಿ ಕೇಳಿದಳು. "ನಾನು ಏನನ್ನ ನೋಡಿ ನಿಲ್ಸಿ ಅನ್ಬೇಕು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಗೈಡು ಸೀಟಿ ಊದಿದ, ನಾವು ದಡಕ್ಕೆ ಬಂದ್ವಿ," ಎಂದ ಅಣ್ಣ. "ನಾನು ಅವನ ಟೋಪಿ ನೋಡ್ಕೊಂಡು ಹುಟ್ಟು ಹಾಕ್ತಿದ್ದೆ."

"ನಾನು ನಿಮ್ಮ ಬೆನ್ನು ನೋಡ್ತಿದ್ದೆ," ಎಂದಳು ಅತ್ತಿಗೆ. ಕಿವಿ ಕೆಂಪಾಗಿತ್ತು. "ಗೈಡು ಬೇಡ ಅಂದೆ. ಲೆಕ್ಕ ಮಾತ್ರ ಅವನದ್ದೇ ಇಟ್ಕೊಂಡೆ ನೋಡಿ."

ಬಂದು ಕೂತು, ಸೂಜಿಯನ್ನು ಒಡ್ಡಿಗಿಂತ ಬಹಳ ಮೇಲೆ, ನದಿಯ ತಿರುವಿನಲ್ಲಿ ಚುಚ್ಚಿದಳು.

"ಎರಡನೇ ದಿನ ಇಲ್ಲೇ ಡೇರೆ. ಬೆಳಿಗ್ಗೆ ದಡದ ಮೇಲೆ ನಡ್ಕೊಂಡು ಹೋಗಿ ಒಡ್ಡು ಎಲ್ಲಿದೆ, ಹೇಗಿದೆ ನೋಡ್ಕೊಂಡು ಬರೋಣ. ಆಮೇಲೆ ದೋಣಿ. ಒಂದು ದಿನ ಹೆಚ್ಚಿಗೆ ಬೇಕಾಗುತ್ತೆ, ನಿನಗೆ ರಜೆ ಸಿಗುತ್ತಾ?"

"ನನಗಾ?" ಎಂದಳು ನಾದಿನಿ. ತಾನು ಹೋಗುವುದು ಗಟ್ಟಿಯಾಯಿತು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮತ್ತೆ ಇನ್ಯಾರಿಗೆ, ಈ ಮಂಡಿಗಾ? ಹೋಗು, ಚೀಲ ಸರಿ ಮಾಡು. ಒಂದೇ ಸ್ವೆಟರು."

ಮಲಗುವ ಚೀಲವನ್ನು ಬಿಸಿಲಿಗೆ ಹರವಿ, ಬದಲಿಗೆ ಒಂದು ಕಂಬಳಿ ತುಂಬಿ, ನಾದಿನಿ ಚೀಲದ ಬಾಯನ್ನು ಮೂರು ಸುತ್ತು ಮಡಿಸಿ ಕೊಕ್ಕೆ ಹಾಕಿದಳು. ತೊಟ್ಟಿಯಲ್ಲಿ ಮುಳುಗಿಸಿ ಎರಡೂ ಕೈಯಿಂದ ಅದುಮಿ ಹಿಡಿದಳು. ಒಂದು ಗುಳ್ಳೆಯೂ ಏಳಲಿಲ್ಲ.

"ಏನಾಯ್ತೇ?" ಅತ್ತಿಗೆ ಒಳಗಿನಿಂದ ಕೂಗಿದಳು.

"ಸರಿಯಾಗಿದೆ," ಎಂದಳು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೊಂದು ಸಲ ಅದುಮಿದಳು.