ಇಬ್ಬರಿಗಾಗಿ ಹೊರಟ ಲಾಂಚ್

ಎದೆಲ್ಮಿರಾ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಲೆ ಮೇಲಿನ ಆಲೂಗಡ್ಡೆ ರೊಟ್ಟಿ ಬೆಂದಿದೆಯೋ ಸೀದಿದೆಯೋ ಮೂಗಿನಿಂದಲೇ ತಿಳಿಯಬೇಕಿತ್ತು. ಆಪರೇಷನ್ನಿಗೆ ಪಟ್ಟಣಕ್ಕೆ ಹೋಗಬೇಕು. ಚಿಲೊಯೆ ಅನ್ನುವ ದೊಡ್ಡ ದ್ವೀಪದ ಪಕ್ಕದ ನಮ್ಮ ಪುಟ್ಟ ದ್ವೀಪದಿಂದ ಪಟ್ಟಣ ಅಂದರೆ ಕಡಲು ದಾಟಬೇಕು.

ಹೋದ ಸಲ ಅವಳ ಗಂಡ ಬೌದಿಲಿಯೊ ಮಾವ ತನ್ನ ಮೀನಿನ ದೋಣಿಯಲ್ಲೇ ಕರೆದುಕೊಂಡು ಹೊರಟಿದ್ದ. ನಡುನೀರಲ್ಲಿ ಬಡಗಣ ಗಾಳಿ ಎದ್ದಿತು. ಇಬ್ಬರೂ ತೊಯ್ದು ತೊಪ್ಪೆಯಾಗಿ ವಾಪಸು ಬಂದರು. ಸರದಿ ತಪ್ಪಿತು.

ನಾನು ನೆಲ್ಡಾ, ಇಲ್ಲಿನ ಆರೋಗ್ಯ ಕೇಂದ್ರದವಳು. ಮತ್ತೆ ಸರದಿ ಸಿಕ್ಕಿದೆ ಅಂತ ಹೇಳಲು ಅವರ ಮನೆಗೆ ಹೋದೆ.

"ಮಾವ, ಈ ಸಲ ಸರಕಾರದ ಸಹಾಯಧನದ ಲಾಂಚಲ್ಲಿ ಹೋಗಿ."

"ಆ ಧರ್ಮದ ಲಾಂಚಿಗೆ ನಾನು ಕಾಲಿಡಲ್ಲ. ಈ ಚಳೀಲಿ ಒಂದು ಮುದಿ ಜೋಡಿಗೋಸ್ಕರ ಯಾರು ಡೀಸೆಲ್ ಸುಡ್ತಾರೆ? ಸರಕಾರದ ದುಡ್ಡೆಲ್ಲ ಲಾಂಚ್ ಮಾಲೀಕನ ಹೊಟ್ಟೆಗೆ!"

"ಇಲ್ಲ ಮಾವ. ಬರೀ ಟಿಕೆಟ್ ದುಡ್ಡಲ್ಲಿ ಲಾಂಚ್ ಓಡಲ್ಲ, ಉಳಿದ ಖರ್ಚು ಸರಕಾರ ಕೊಡುತ್ತೆ. ಅದಕ್ಕೇ ಟಿಕೆಟ್ ಅಗ್ಗ. ಜನ ಇರಲಿ ಬಿಡಲಿ, ಗೊತ್ತಾದ ದಿನ ಹೊರಡಲೇಬೇಕು. ಹವಾಮಾನ ಕೆಟ್ಟು, ಬಂದರನ್ನ ಮುಚ್ಚಿದ್ರೆ ಮಾತ್ರ ನಿಲ್ಲುತ್ತೆ."

"ಏನಂದ್ರೂ ಭಿಕ್ಷೆ ಭಿಕ್ಷೇನೇ."

"ಪಟ್ಟಣದವರಿಗೆ ಸರಕಾರ ರಸ್ತೆಗೆ ಡಾಂಬರು ಹಾಕ್ಕೊಟ್ಟಿಲ್ವಾ? ಅವರು ಭಿಕ್ಷೆ ಅಂತ ರಸ್ತೆ ಬಿಟ್ಟು ಹೊಲದಲ್ಲಿ ನಡೀತಾರಾ? ನಮ್ಮ ರಸ್ತೆ ನೀರಿಂದು, ಅಷ್ಟೇ."

ಒಲೆ ಪಕ್ಕದಿಂದ ಅತ್ತೆ ಗಂಡನಿಗೆ ಅಂದಳು: "ನೀನು ಬರದಿದ್ರೆ ಬಿಡು, ನಾನು ನೆಲ್ಡಾ ಜೊತೆ ಹೋಗ್ತೀನಿ. ನಿನ್ನ ದೋಣೀಲಿ ಸ್ನಾನ ಮಾಡಿದ್ದು ಸಾಕು."

ಕೊನೆಗೆ ಮಾವನೇ ಹೊರಟ. ಲಾಂಚಲ್ಲಿ ಅವರಿಬ್ಬರು, ಯಾರದೋ ಒಂದು ಕುರಿ, ಅಷ್ಟೇ. ಚಾಲಕ ಎಲಾದಿಯೊ ಇಬ್ಬರಿಗೂ ತೇಲುವ ಅಂಗಿ ತೊಡಿಸಿ ಎಂಜಿನ್ ಶುರುಮಾಡಿದ.

"ಇಷ್ಟು ಜನಕ್ಕೇ ಹೊರಡ್ತೀಯಾ?"

"ಯಾರೂ ಇಲ್ದಿದ್ರೂ ಹೊರಡ್ತೀನಿ ಮಾವ. ಆ ಕಡೆ ಯಾರಾದ್ರೂ ಕಾಯ್ತಿರ್ತಾರಲ್ಲ."

ದಡ ಮುಟ್ಟುವವರೆಗೆ ಮಾವ ಹೆಂಡತಿಯ ಕೈ ಹಿಡಿದುಕೊಂಡೇ ಇದ್ದನಂತೆ.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಅತ್ತೆ ಗಂಡನನ್ನು ಬಹಳ ಹೊತ್ತು ನೋಡಿದಳು.

"ಅಯ್ಯೋ, ಯಾವಾಗ ಇಷ್ಟು ಮುದುಕ ಆದೆ?"

"ನೀನು ನೋಡದೇ ಇದ್ದಾಗ," ಅಂದ ಮಾವ, ಕಣ್ಣೊರೆಸಿಕೊಳ್ಳುತ್ತಾ.

ಅದಾದ ಮೇಲೆ ಶಾಲೆಯಲ್ಲಿ ಲಾಂಚಿನ ಸಭೆ ನಡೆಯಿತು. ಚಳಿಗಾಲದಲ್ಲಿ ಜನ ಹತ್ತುವುದಿಲ್ಲ, ಶನಿವಾರದ ಓಡಾಟ ನಿಲ್ಲಿಸೋಣವೇ ಅಂತ ಅಧಿಕಾರಿಗಳು ಕೇಳಿದರು. ಸಭೆಗೆ ಎಂದೂ ಬಾರದ ಮಾವ ಎದ್ದು ನಿಂತ.

"ಗಾಡಿ ಕಮ್ಮಿ ಓಡಾಡೋ ದಿನ ನಿಮ್ಮೂರಲ್ಲಿ ರಸ್ತೆ ಸುತ್ತಿ ಎತ್ತಿಡ್ತೀರಾ ಸ್ವಾಮಿ?"

ಇಡೀ ಶಾಲೆ ನಕ್ಕಿತು, ಅಧಿಕಾರಿಗಳೂ ನಕ್ಕರು. ಶನಿವಾರದ ಲಾಂಚ್ ಉಳಿಯಿತು.

ದ್ವೀಪದ ಅಕ್ಕಂದಿರೇ, ಅಣ್ಣಂದಿರೇ, ಈ ಲಾಂಚ್ ಯಾರ ಉಪಕಾರವೂ ಅಲ್ಲ, ನಮ್ಮ ಹಕ್ಕು. ಸಂಕೋಚ ಬಿಟ್ಟು ಹತ್ತಿ. ದ್ವೀಪದವರಿಗೆ ಅಂತಲೇ ಇರುವ ಅಗ್ಗದ ದರದಲ್ಲೇ ಟಿಕೆಟ್ ಕೇಳಿ. ತೇಲುವ ಅಂಗಿ ಹಾಕಿಕೊಳ್ಳಿ. ಕಾರಣವಿಲ್ಲದೆ ಲಾಂಚ್ ಬಾರದಿದ್ದರೆ ಸುಮ್ಮನಿರಬೇಡಿ, ದೂರು ಕೊಡಿ. ಸಭೆ ಕರೆದಾಗ ತಪ್ಪದೆ ಬನ್ನಿ. ಬರುವಾಗ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬನ್ನಿ, ಯಾಕೆಂದರೆ ಈಗ ಬೌದಿಲಿಯೊ ಮಾವ ಮಾತಿಗೆ ನಿಂತರೆ ಬೇಗ ಮುಗಿಸುವುದಿಲ್ಲ.