ಕೊಂಬಿನ ಹಿಡಿಯ ಚಾಕು

ಕೂದಲು ಸುಟ್ಟ ವಾಸನೆ, ನನ್ನದೇ ತಲೆಗೂದಲು ಒಲೆಗೆ ಬಿತ್ತೇನೋ ಎಂದು ಜಡೆ ಮುಟ್ಟಿ ನೋಡಿಕೊಂಡೆ, ಇಲ್ಲ, ಇದು ಕೂದಲಿಗಿಂತ ದಪ್ಪ, ಗಂಟಲಿಗೆ ಅಂಟಿಕೊಳ್ಳುವ ವಾಸನೆ — ಕೊಂಬು, ಚಾಕುವಿನ ಹಿಡಿಯ ಕೊಂಬು, ಅನ್ನದ ಗಡಿಗೆ ಇಳಿಸಿದ್ದೇ ತಡ ಇವರು ತಮ್ಮ ಮಡಿಚುವ ಚಾಕುವಿನ ತುದಿಯನ್ನು ನನ್ನ ಒಲೆಯ ಕೆಂಡಕ್ಕೆ ತುರುಕಿದ್ದಾರೆ, ಅಲಗಿನ ಮೂತಿ ಕೆಂಪಗೆ, ಹಿಡಿ ಹೊರಗೇ ಇದ್ದರೂ ಕಾವು ಏರಿ ಬೆವರುತ್ತಿದೆ, ಸಣ್ಣ ಗುಳ್ಳೆಗಳು ಏಳುತ್ತಿವೆ, ಚರ್ಮದ ಮೇಲೆ ಎದ್ದ ಹಾಗೆ. ಈ ಒಲೆಯಲ್ಲಿ ಬೆಂದದ್ದೇ ಲಿಂಗಪೂಜೆಗೆ ಎಡೆ, ಸೋಮವಾರ ಈರುಳ್ಳಿ ಹೆಚ್ಚಿದರೆ ಅತ್ತೆ ಮನೆಯೆಲ್ಲ ಕೇಳುವ ಹಾಗೆ ಶಿವ ಶಿವ ಅನ್ನುತ್ತಾರೆ, ಇವತ್ತು ಯಾವುದೋ ಸತ್ತ ಎಮ್ಮೆಯ ಕೊಂಬು ಸುಡುತ್ತಿದೆ, ಅತ್ತೆ ನಡುಮನೆಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಾರೆ, ಏನೇ ಗಂಗಾ, ಮೂಗ್ಯಾಕ್ ಮುಚ್ಕಂಡಿದ್ದೀಯ, ಬಸುರಿಗೆ ಬಂದಂಗೆ ಓಕರಿಕೆ ಬತ್ತಾ ಐತಾ, ಅಂಗೇನಾರ ಬಂದಿದ್ರೆ ಈ ಮನೆಗೆ ಈ ಕೆಲ್ಸ ಯಾಕ್ ಬೇಕಾಗಿತ್ತು, ಎಂದು ತಾವೇ ನಗುತ್ತಾರೆ, ಎಲೆಯ ಕೆಂಪು ಹಲ್ಲಿನ ಸಂದಿನಿಂದ ಇಣುಕುತ್ತದೆ, ನಾನು ಸೆರಗನ್ನು ಇನ್ನಷ್ಟು ಒತ್ತಿ ಹಿಡಿಯುತ್ತೇನೆ.

ಮದುಮಗನ ಕೈಯಲ್ಲಿ ಕಟಾರಿ ಇರಬೇಕು, ಅರಿಶಿನ ಹಚ್ಚಿದಾಗಿನಿಂದ ತಾಳಿ ಕಟ್ಟುವವರೆಗೆ ಕೆಳಗಿಡಬಾರದು, ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು, ದೃಷ್ಟಿ ತಾಕದ ಹಾಗೆ — ಐವತ್ತಕ್ಕೆ ಹತ್ತಿರವಾದ, ಕಿವಿಯಲ್ಲಿ ಬಿಳಿ ಕೂದಲು ಬಂದ, ಎರಡನೇ ಮದುವೆಗೆ ಹೊರಟ ನನ್ನ ಗಂಡ ಈ ಪಂಚಾಕ್ಷರಯ್ಯನವರಿಗೆ ಯಾರ ದೃಷ್ಟಿ ತಾಕೀತು. ಮನೆತನದ ಕಟಾರಿ ಚನ್ನರಾಯಪಟ್ಟಣದಲ್ಲಿ, ಇವರ ಅಣ್ಣ ಪರಮಶಿವಯ್ಯನವರ ಪೆಟ್ಟಿಗೆಯಲ್ಲಿದೆ, ಕೇಳುವುದಕ್ಕೆ ಹೋದರೆ ಅವರು ಕೊಡಲಿಲ್ಲ, ಒಂದ್ಸಲ ಕೊಟ್ಟಿದ್ದೆ ಕಣಯ್ಯ, ಆ ಎಣ್ಮಗಳು ಇನ್ನೂ ಗಟ್ಟಿಯಾಗವ್ಳೆ, ಬೇಕಾದ್ರೆ ನಿನ್ ಕಾಲಾಣಿ ಕುಯ್ಯೋ ಚಾಕು ಇಡ್ಕಂಡ್ ಅಸೆಮಣೆ ಮ್ಯಾಲೆ ಕೂತ್ಕ, ಅಂದರಂತೆ, ಅವರು ಗೇಲಿಗೆ ಅಂದದ್ದು, ಇವರು ಛಲಕ್ಕೆ ಹಿಡಿದರು. ಚಾಕುವಿನ ತುದಿ ಎಂದೋ ಮುರಿದಿತ್ತು, ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹೊರೆಯ ಹುರಿ ಮೀಟಲು ಹೋಗಿ, ಮೊಂಡು ಅಲಗಿನ ಮೇಲೆ ನಿಂಬೆಹಣ್ಣು ನಿಲ್ಲುವುದಿಲ್ಲ, ಕುಲುಮೆಗೆ ಕೊಟ್ಟರೆ ಬೋರಪ್ಪ ಚಿಟಿಕೆಯಲ್ಲಿ ಮಾಡಿಕೊಟ್ಟಾನು, ಆದರೆ ಕೇಳುತ್ತಾನಲ್ಲ, ಯಾರ್ಗ್ ಸಾ ಮದ್ವೆ, ಎಂದು. ಹೊಳೇನರಸೀಪುರದ ಪೇಟೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವ ಮುಖ ಇವರಿಗಿಲ್ಲ, ಹಾಗಾಗಿ ನನ್ನ ಒಲೆ, ನನ್ನ ಬೂದಿ, ನನ್ನ ಅರೆಯುವ ಕಲ್ಲು.

ಬೂದಿಯಲ್ಲಿ ಹೂತು ಆರಿಸಿದ ಅಲಗನ್ನು ಈಗ ಇವರು ಹೊರಗೆ ತೆಗೆದು ಅರದಿಂದ ಉಜ್ಜುತ್ತಿದ್ದಾರೆ, ಕರ್ರ್ ಕರ್ರ್, ಆ ಸದ್ದು ಹಲ್ಲಿನ ಬುಡಕ್ಕೆ ಇಳಿಯುತ್ತದೆ, ಬೆನ್ನಿನ ಕಡೆಯಿಂದ ಓರೆಯಾಗಿ ತೇಯ್ದು ತೇಯ್ದು ಮೊಂಡು ಮೂತಿ ಮೊದಲು ಗಿಣಿಯ ಕೊಕ್ಕಿನಂತಾಯಿತು, ಆಮೇಲೆ ಇನ್ನೂ ಸಣ್ಣಗೆ, ಸಣ್ಣಗೆ, ಕಬ್ಬಿಣದ ಬೂದು ಹುಡಿ ಕಾಯಿಚಟ್ನಿ ಅರೆಯುವ ಕಲ್ಲಿನ ಮೇಲೆ ಬೀಳುತ್ತಿದೆ, ಒಂದ್ ಚೊಂಬು ನೀರು ಕೊಡೆ, ಎಂದರು, ನಾನು ಕೇಳಿಸದವಳಂತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ, ಸರಿ, ಇವರು ಬಾಯಿಯ ಹೊಗೆಸೊಪ್ಪನ್ನು ಒಂದು ದವಡೆಗೆ ತಳ್ಳಿ ಕಲ್ಲಿನ ಮೇಲೆ ಉಗುಳಿದರು, ಆ ಕಂದು ಎಂಜಲಿನಲ್ಲೇ ಅಲಗು ಮಸೆಯತೊಡಗಿದರು, ಹೆಬ್ಬೆರಳಿನಿಂದ ಹರಿತ ನೋಡಿದರು, ಆ ಹೆಬ್ಬೆರಳು ನೆಕ್ಕಿದರು, ಮತ್ತೆ ಮಸೆದರು. ನನ್ನ ಕಲ್ಲು, ತವರಿನಿಂದ ಬಂದ ಕಲ್ಲು, ಅರಕಲಗೂಡಿನಿಂದ ಅಪ್ಪ ಗಾಡಿಯಲ್ಲಿ ಹುಲ್ಲು ಹಾಸಿ ಕಳಿಸಿದ್ದು, ಎಷ್ಟು ಹುಣಸೆ ಹಾಕಿ ತಿಕ್ಕಿದರೂ ಇನ್ನು ಅದರಲ್ಲಿ ನಾನು ಏನನ್ನೂ ಅರೆಯಲಾರೆ.

ಭಾನುವಾರ ಎಣ್ಣೆನೀರು ಆದ ಮೇಲೆ ಇವರು ಜಗುಲಿಯ ಮೇಲೆ ಕೂತು ಬಲಗಾಲನ್ನು ಎಡ ತೊಡೆಯ ಮೇಲೆ ಹಾಕಿಕೊಳ್ಳುತ್ತಾರೆ, ನೀರಲ್ಲಿ ನೆನೆದು ಮೆತ್ತಗಾದ ಅಂಗಾಲು, ನಡುವೆ ಆಣಿ, ಇದೇ ಚಾಕುವಿನಿಂದ ಅದನ್ನು ಪದರ ಪದರವಾಗಿ ಕುಯ್ಯುತ್ತಾರೆ, ಬಿಳಿ ಸಿಪ್ಪೆಗಳು, ಕೊಬ್ಬರಿ ಹೆರೆದ ಹಾಗೆ ಸುರುಳಿ ಸುತ್ತಿಕೊಂಡು ನೆಲದ ಮೇಲೆ, ಅವನ್ನು ಗುಡಿಸುವವಳು ನಾನು, ಪೊರಕೆಯ ಕಡ್ಡಿಗೆ ಸಿಕ್ಕಿಕೊಳ್ಳುತ್ತವೆ, ಬಿಡಿಸಬೇಕು. ಚಾಕುವನ್ನು ಪಂಚೆಗೆ ಒರೆಸುತ್ತಾರೆ, ಅಷ್ಟೆ, ಮಡಿಚಿ ಜೇಬಿಗೆ. ಹೋದ ಗೌರಿಹಬ್ಬಕ್ಕೆ ನನ್ನ ತಂಗಿ ಶಾಂತಕುಮಾರಿ ಬಂದಿದ್ದಾಗ ಅದೇ ಜೇಬಿನಿಂದ ಅದೇ ಚಾಕು ತೆಗೆದು ಹಿತ್ತಲಿನ ಸೀಬೆಹಣ್ಣು ಹೋಳು ಮಾಡಿ ಕೊಟ್ಟರು, ತಗಳಮ್ಮ ಶಾಂತಾ, ಎಂದು, ನಾನು ಬೇಡ ಕಣೇ, ತೊಳೆದು ಬೇರೆ ಕುಯ್ದು ಕೊಡ್ತೀನಿ ಅಂದೆ, ಬಿಡಕ್ಕ, ನಿಂಗೆ ಎಲ್ಲಾದಕ್ಕೂ ಮಡಿ, ಎಂದು ನಗುತ್ತ ಕಚ್ಚಿದಳು, ಬೀಜ ಕಟಕಟನೆ ಅಗಿದಳು, ಭಾವ, ಸಿಹಿಯಾಗೈತೆ. ಹೋಳಿನ ಅಂಚಿನಲ್ಲಿ ಏನಾದರೂ ಬಿಳಿಯದು ಇತ್ತೇ, ಸೀಬೆಯೂ ಬಿಳಿಯೇ ಅಲ್ಲವೇ, ಹೇಗೆ ಗೊತ್ತಾಗಬೇಕು, ಅವತ್ತು ರಾತ್ರಿ ಊಟ ನನಗೆ ಸೇರಲಿಲ್ಲ.

ಹೆಣ್ಣು ಅವಳೇ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲವೇ, ಗೊತ್ತಿಲ್ಲ. ಒರಗಿನೋಳು ಬರೋದ್ಕಿಂತ ಒಡುಟ್ಟಿದ್ ತಂಗಿ ಬರೋದ್ ಒಳ್ಳೇದಲ್ವೇನೆ, ಮಗು ಆದ್ರೆ ನಿನ್ನೂ ಅಮ್ಮಾ ಅನ್ನುತ್ತೆ, ಎಂದು ಅತ್ತೆ ಶುರು ಮಾಡಿದರು, ಅಪ್ಪ ಮೊದಲು ಉಗಿದರು, ಆಮೇಲೆ ಹಿರಿಯ ಮಗಳ ಬಾಳು ಎಂದು ಕಣ್ಣು ಒರೆಸಿಕೊಂಡರು. ಶಾಂತಾ ಹಾಸನದಲ್ಲಿ ಟ್ರೈನಿಂಗು ಮುಗಿಸಿದ್ದಾಳೆ, ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಮ್ಮಾಗಿ ಕೆಲಸಕ್ಕೆ ಹೋಗಬೇಕು, ಸೀರೆಗೆ ಪಿನ್ನು ಹಾಕಿಕೊಳ್ಳುವುದನ್ನು ಕಲಿತಿದ್ದಾಳೆ, ಅಕ್ಕಾ ನಿಂಗೋಸ್ಕರ ಬತ್ತೀನಿ, ಇನ್ಯಾವಳೋ ಬಂದು ನಿನ್ನ ಮೂಲೆಗೆ ತಳ್ಳೋದ್ ಬ್ಯಾಡ, ಎಂದಳು, ಅವಳ ಕೈ ನನ್ನ ಕೈಯೊಳಗೆ ಬೆಚ್ಚಗಿತ್ತು, ಬೆರಳಲ್ಲಿ ಸೀಮೆಸುಣ್ಣದ ಪುಡಿ. ಈ ಮನೆಯಲ್ಲಿ ಅವಳು ಆ ಸಿಪ್ಪೆಗಳನ್ನು ಗುಡಿಸುತ್ತಾಳೆ. ನಾನು ಮುದುಕಿಯಾಗುತ್ತೇನೆ, ಅವಳು ಪೊರಕೆಯ ಕಡ್ಡಿಯಿಂದ ಬಿಡಿಸುತ್ತಾಳೆ. ಅಪ್ಪ ಒಂದೇ ಮಾತು ಹೇಳಿ ಕಳಿಸಿದ್ದಾರೆ, ಈ ಮನೆಯ ಪದ್ಧತಿಯಂತೆ ಹಿರಿಯ ಹೆಂಡತಿ ಒಪ್ಪಿ ತನ್ನ ಕೈಯಾರೆ ಮದುಮಗನ ಕಟಾರಿಗೆ ನಿಂಬೆಹಣ್ಣು ಚುಚ್ಚಿ ಕೊಟ್ಟರೆ ಹೆಣ್ಣು ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ, ಅದನ್ನು ಕಣ್ಣಾರೆ ನೋಡಿ ಬರಲು ನನ್ನ ತಮ್ಮ ಗೌರೀಶಂಕರ ಇವತ್ತು ಬರುತ್ತಾನೆ. ಚುಚ್ಚಿದರೆ ನನಗೆ ತಂಗಿಯ ಜೊತೆ, ಊಟ, ಮಾತು, ಮುಪ್ಪಿನಲ್ಲಿ ಒಂದು ಆಸರೆ. ಆ ಆಸೆ ನನ್ನೊಳಗೂ ಇದೆ, ಅದಕ್ಕೇ ಓಕರಿಕೆ, ಕೊಂಬಿನ ವಾಸನೆಗಿಂತ ಅದಕ್ಕೇ ಹೆಚ್ಚು.

ಬಾಗಿಲಲ್ಲಿ ಕೆಮ್ಮು, ಬಂದನಲ್ಲ ಗೌರಿ, ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಬಸ್ಸು ಓಡುವುದಕ್ಕೂ ಇದ್ದಿಲೇ ಗತಿ, ಮುಖದ ಮೇಲೆಲ್ಲ ಮಸಿ, ಅಯ್ಯೋ ಅದೇನಕ್ಕಾ ವಾಸ್ನೆ, ಯಾರ್ದಾರ ತಲೆ ಸುಟ್ಬುಟ್ರಾ, ಎಂದ, ಅತ್ತೆ ನಕ್ಕರು, ಬಾರಪ್ಪ, ನಿಮ್ ಭಾವಂಗೆ ಆಯುಧ ತಯಾರಾಗ್ತಾ ಐತೆ, ಇವರೂ ನಕ್ಕು ಚಾಕುವನ್ನು ಎತ್ತಿ ಬೆಳಕಿಗೆ ಹಿಡಿದರು, ಸೂಜಿಯಂತೆ ಮೂತಿ, ಸುಟ್ಟ ಕಡೆ ನೀಲಿ, ಹಿಡಿಯ ಒಂದು ಕೆನ್ನೆ ಕರಿಕು, ನೋಡೋ ಗೌರಿ, ಎಂಗ್ ಮಾಡಿದ್ದೀನಿ, ಬೋರಪ್ಪನ್ ತಾತನೂ ಮಾಡಕ್ಕಿಲ್ಲ. ಅತ್ತೆ ಮಡಿಲಿನಿಂದ ನಿಂಬೆಹಣ್ಣು ತೆಗೆದು ನನ್ನ ಅಂಗೈಗಿಟ್ಟರು, ಊಂ, ಚುಚ್ಚೇ, ಶಿವನ್ ನೆನ್ಕಂಡು. ಇವರು ಚಾಕುವನ್ನು ಇನ್ನೊಂದು ಕೈಗೆ ಕೊಟ್ಟರು, ಹಣ್ಣು ತಣ್ಣಗೆ, ಅಲಗು ಮಸೆದ ಕಾವಿಗೆ ಬೆಚ್ಚಗೆ, ಹಿಡಿ ಇನ್ನೂ ಅಂಟಂಟು, ಬೆರಳಿಗೆ ಕೊಂಬಿನ ಜಿಡ್ಡು ಹತ್ತಿತು, ಗೌರಿ ನನ್ನ ಮುಖವನ್ನೇ ನೋಡುತ್ತಿದ್ದಾನೆ, ಅವನಿಗೆ ಹೂಂ ಬೇಕೋ ಊಹೂಂ ಬೇಕೋ ತಿಳಿಯಲಿಲ್ಲ, ನಾನು ಹಣ್ಣನ್ನು ಮೂತಿಯ ಹತ್ತಿರ ತಂದೆ.

ನಾ ಚುಚ್ಚಲ್ಲ ಕಣೋ ಗೌರಿ, ಅಂದದ್ದು ನನ್ನದೇ ದನಿಯೇ, ಅಷ್ಟು ಮೆತ್ತಗೆ, ನೀನೇ ಕರ್ಕಂಡೋಗಿ ಶಾಂತನ್ನ ಹಾಸನದಲ್ಲಿ ಸ್ಕೂಲ್ ಕೆಲ್ಸಕ್ಕೆ ಸೇರಿಸ್ಬುಟ್ ಬಾ, ಅಕ್ಕ ಹೇಳಿದ್ಲು ಅಂತ ಅಪ್ಪಂಗೇಳು. ಅತ್ತೆಯ ಬಾಯಿಂದ ಎಲ್ಲ ಒಟ್ಟಿಗೆ, ಬಂಜೆ, ಒಟ್ಟೆಕಿಚ್ಚು, ತಂಗಿ ಬಾಳಿಗೇ ಕಲ್ಲಾಕ್ತಾಳೆ ನೋಡು ನೀತಿಗೆಟ್ಟೋಳು, ಇವರು ಎದ್ದು ನಿಂತರು, ಅವ್ಳಲ್ದಿದ್ರೆ ಇನ್ನೊಬ್ಳು ಕಣೇ, ಹಳೇಕೋಟೇಲಿ ಎಣ್ಣಿಲ್ವಾ, ಆಗ ನೀನು ಕೊಟ್ಟಿಗೇಲಿ ಬಿದ್ದಿರ್ತೀಯ ನೋಡ್ತಿರು, ಹೌದು, ಬರಬಹುದು, ಬರುತ್ತಾಳೆ, ಅವಳು ಯಾರೋ ಎಂಥವಳೋ, ಕೊಟ್ಟಿಗೆಯೂ ಇರಬಹುದು, ಗೌರಿ ಏನೋ ಹೇಳುತ್ತಿದ್ದಾನೆ, ನನ್ನ ತೋಳು ಹಿಡಿದಿದ್ದಾನೆ, ಆದರೆ ನನಗೆ ಯಾವುದೂ ಪೂರ್ತಿ ಕೇಳುತ್ತಿಲ್ಲ, ಚಾಕು ಕಣ್ಣಿನ ಹತ್ತಿರ ಇದೆ, ಬೆಂಕಿ ತುದಿಯನ್ನಷ್ಟೇ ಮುಟ್ಟಿತು, ಅರ ತುದಿಯನ್ನಷ್ಟೇ ತೇಯ್ದಿತು, ಅಲಗು ಮಡಿಚುವ ಸಂದಿನಲ್ಲಿ, ಮೊಳೆಯ ಪಕ್ಕ, ಜಿಡ್ಡಿನ ಕಪ್ಪಿನೊಳಗೆ ಸಿಕ್ಕಿಕೊಂಡು, ಯಾವುದೋ ಭಾನುವಾರದ್ದು, ಸುರುಳಿಯಾಗಿ, ಬೆಳ್ಳಗೆ —