ಹನ್ನೊಂದು ಮಂಚಕ್ಕೆ ಒಂದು ಡಬ್ಬಿ

“ಏನ್ಲಾ ಹುಚ್ರಂಗ, ತೂಕದ ಮಿಷನ್ ಮೇಲೆ ನಿಂತಿದ್ದೀಯೋ, ಇಲ್ಲ ಅದರ ಮೇಲೆ ಪಂಚೆ ಒಣಗಾಕಿದ್ದೀಯೋ? ಮುಳ್ಳು ಅಲ್ಲಾಡ್ತಾನೇ ಇಲ್ವಲ್ಲೋ ನನ್ಮಗನೆ.”

ಹೀಗಂದವನು ಕ್ಷಯದ ವಾರ್ಡಿನ ಆಳು ಭೀಮರಾಜು. ಮೂಗಿಗೆ ಎರಡು ಮಾಸ್ಕು ಕಟ್ಟಿಕೊಂಡು ನಾಲ್ಕು ಮಾರು ದೂರದ ಬಾಗಿಲಲ್ಲಿ ನಿಂತಿದ್ದ. ಅಲ್ಲಿಂದ ಮುಳ್ಳಿನ ಕೆಳಗಿನ ಅಂಕಿ ಕಾಣುತ್ತಿರಲಿಲ್ಲವಾದ್ದರಿಂದ ಹುಚ್ಚರಂಗಯ್ಯನೇ ಬಗ್ಗಿ ತನ್ನ ತೂಕ ಓದಿ ಹೇಳಬೇಕಾಯಿತು. ಮೂವತ್ತನಾಲ್ಕೂವರೆ.

“ಒಂದು ಮೂಟೆ ಕೊಬ್ಬರಿಗೂ ನಾನು ಸಮ ಇಲ್ಲ ಕಣಣ್ಣ,” ಎಂದ ಹುಚ್ಚರಂಗಯ್ಯ. “ಮಾರ್ಕೆಟ್ಟಿಗೆ ಹಾಕಿದ್ರೆ ತೂಕಕ್ಕೆ ಅಂತ ಪಕ್ಕದ ಮಂಚದೋನ್ನೂ ಮೂಟೆಗೆ ತುಂಬಬೇಕಾಯ್ತದೆ.”

ವಾರ್ಡು ನಕ್ಕಿತು. ಆ ವಾರ್ಡಿನಲ್ಲಿ ಯಾರು ನಕ್ಕರೂ ಕೊನೆಗೆ ಕೆಮ್ಮೇ ಬರುತ್ತಿದ್ದುದರಿಂದ ಎಲ್ಲರೂ ಅಳತೆಯಿಟ್ಟು ನಗುತ್ತಿದ್ದರು.

ಹುಚ್ಚರಂಗಯ್ಯ ಶೆಟ್ಟಿಕೆರೆ ಕಡೆಯ ಕಾಲೋನಿಯವನು. ಹೆಸರಿನಲ್ಲೇ ಹುಚ್ಚಿತ್ತು, ಸಾಲದು ಅಂತ ಹುಚ್ಚಕ್ಕನನ್ನೇ ಹುಡುಕಿ ಮದುವೆ ಮಾಡಿದ್ದರು. ಮನೆಯಲ್ಲಿ ಬುದ್ಧಿ ಇರುವುದು ಕೋಳಿಯೊಂದಕ್ಕೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಇಪ್ಪತ್ತೆಂಟು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ ಸುಲಿಯುವುದು. ಆಮೇಲೆ ಹೆಂಗಸರು ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಒಣಗಿದೆಯೋ ಕೊಳೆತಿದೆಯೋ ಹೇಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ತನ್ನ ಎದೆಯೊಳಗೆ ಗೊರಗೊರ ಶುರುವಾದಾಗ ಮಾತ್ರ ಆ ಜಾಣತನ ಕೈಕೊಟ್ಟಿತು. ಕಫದಲ್ಲಿ ಕೆಂಪು ಕಂಡಾಗ ಎಲೆಅಡಿಕೆ ರಸ ಅಂದುಕೊಂಡ. ಎಲೆಅಡಿಕೆ ಬಿಟ್ಟು ಒಂದು ತಿಂಗಳಾದ ಮೇಲೂ ಕೆಂಪೇ ಬಂದಾಗ, ಇದು ಹಳೇ ಎಲೆಅಡಿಕೆ ಇರಬೇಕು ಅಂದುಕೊಂಡ. ಕೊನೆಗೆ ಸಿಪ್ಪೆ ರಾಶಿಯ ಮೇಲೆ ತಲೆಸುತ್ತಿ ಬಿದ್ದವನನ್ನು ಹುಚ್ಚಕ್ಕ ಬಸ್ಸಿನಲ್ಲಿ ತಿಪಟೂರಿಗೆ ತಂದು ಆಸ್ಪತ್ರೆಗೆ ಸೇರಿಸಿದಳು.

ಗುಳಿಗೆ ಕೊಟ್ಟರು. ಖಾಲಿ ಹೊಟ್ಟೆಗೆ ಬಿದ್ದ ಗುಳಿಗೆ ಹೋದ ದಾರಿಯಲ್ಲೇ ವಾಪಸು ಬರುತ್ತಿತ್ತು.

ಆಗ ಬಂದವಳು ಲಿಖಿತಾ. ರೋಗಿಗಳ ಊಟ ಗೊತ್ತುಮಾಡುವುದು ಅವಳ ಕೆಲಸ. ಇಪ್ಪತ್ತೈದರ ಹುಡುಗಿ, ಬಾಗಿಲಲ್ಲಿ ನಿಲ್ಲದೆ ಮಂಚದ ತನಕ ಬಂದವಳು ಅವಳೊಬ್ಬಳೇ. ಹುಚ್ಚರಂಗಯ್ಯನ ತೋಳಿಗೆ ಟೇಪು ಸುತ್ತಿ ಅಳೆದಳು, ಎರಡನೇ ಸಲ ಅಳೆದಳು, ಮುಖ ಸಣ್ಣದು ಮಾಡಿಕೊಂಡಳು. “ಬ್ಲೌಸಿಗೇನವ್ವ ಅಳತೆ?” ಎಂದು ಇವನು ಕೇಳಿದರೂ ನಗಲಿಲ್ಲ. ಗುಳಿಗೆ ಕ್ರಿಮಿ ಕೊಲ್ಲುತ್ತದೆ, ಆದರೆ ಮೈ ಕಟ್ಟುವುದು ಊಟವೇ. ಊಟ ಸಿಗದಿದ್ದರೆ ಮೈ ತನ್ನನ್ನೇ ತಾನು ತಿನ್ನುತ್ತದೆ. ಈ ತೂಕದಲ್ಲಿ ಕ್ಷಯ ಬಂದವರು ಮೊದಲ ಎರಡು ತಿಂಗಳಲ್ಲೇ ಹೋಗುವುದು ಹೆಚ್ಚು ಎಂದು ಬಿಡಿಸಿ ಹೇಳಿದಳು. ದಿನಕ್ಕೆ ಎರಡು ಮೊಟ್ಟೆ, ಎರಡು ಹೊತ್ತು ಹಾಲು, ಗಟ್ಟಿ ಬೇಳೆ, ಒಂದು ಹಿಡಿ ಕಡಲೆಬೀಜ ಎಂದು ಚೀಟಿ ಬರೆದು ಮಂಚಕ್ಕೆ ನೇತುಹಾಕಿ ಹೋದಳು.

ಹುಚ್ಚರಂಗಯ್ಯ ಅಂಕಿ ಬಿಟ್ಟರೆ ಅಕ್ಷರ ಬಲ್ಲವನಲ್ಲ. ಪಕ್ಕದ ಮಂಚದ ದಯಾನಂದನಿಂದ ದಿನಾ ಊಟಕ್ಕೆ ಮುಂಚೆ ಆ ಚೀಟಿ ಓದಿಸುತ್ತಿದ್ದ. ಕೇಳಿದರೆ ಅರ್ಧ ಹೊಟ್ಟೆ ತುಂಬುತ್ತಿತ್ತು. ಮಿಕ್ಕರ್ಧಕ್ಕೆ ಬರುತ್ತಿದ್ದುದು ಅನ್ನ ಮತ್ತು ಸಾರು. ಆ ಸಾರಿನಲ್ಲಿ ಬೇಳೆ ಹುಡುಕಬೇಕಾದರೆ ಈಜು ಬಲ್ಲವನೇ ಇಳಿಯಬೇಕು. ಮೊಟ್ಟೆಯ ಬದಲಿಗೆ ಒಂದು ಬಾಳೆಹಣ್ಣು.

ಮೊಟ್ಟೆ ಯಾಕಿಲ್ಲ ಎಂದರೆ, ಆಸ್ಪತ್ರೆಯ ಅಡುಗೆಮನೆ ನಡೆಸುತ್ತಿದ್ದುದು ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಯ್ಯನವರ ಟ್ರಸ್ಟು. ಅವರ ತೀರಿಹೋದ ತಾಯಿಯ ಹೆಸರಿನ ಅಡುಗೆಮನೆ ಅದು. ಆ ತಾಯಿ ಮೊಟ್ಟೆಯನ್ನು ಕಣ್ಣಲ್ಲೂ ನೋಡಿದವರಲ್ಲ. ಹಾಗಾಗಿ ಕ್ಷಯದವರೂ ನೋಡುವಂತಿರಲಿಲ್ಲ. ಮೊಟ್ಟೆ ಬೇಡವಾದರೆ ಹಾಲು, ಬೇಳೆಯನ್ನಾದರೂ ಸರಿಯಾಗಿ ಕೊಡಿ ಎಂದು ಲಿಖಿತಾ ಎರಡು ಸಲ ಬರೆದು ಕೊಟ್ಟಳು. ಪುಕ್ಕಟೆ ಅನ್ನ ಹಾಕುವ ದೊಡ್ಡವರ ಮನಸ್ಸು ನೋಯಿಸಬೇಡ ಎಂದು ಆಫೀಸಿನಲ್ಲಿ ಅವಳಿಗೇ ಬುದ್ಧಿ ಹೇಳಿ ಕಳಿಸಿದರು.

ಸುದ್ದಿ ಕೇಳಿದ ಹುಚ್ಚಕ್ಕ ಊರಿಗೆ ಹೋಗಿ, ನಾಲ್ಕು ಮೊಟ್ಟೆ ಬೇಯಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ವಾರ್ಡಿನ ಹೊರಗಿನ ಜಗಲಿಯಲ್ಲಿ ಕೂತು ಗಂಡ ಹೆಂಡತಿ ಮೊದಲನೆಯದನ್ನು ಸುಲಿದರು. ಅಷ್ಟು ಹೊತ್ತಿಗೆ ಅಡುಗೆಮನೆಯ ಮೇಲ್ವಿಚಾರಕಿ ವಿಮಲಮ್ಮ ಸಾರಿನ ಬಕೆಟ್ಟಿನ ಹಿಂದೆ ಬಂದಳು.

“ಥೂ, ಏನಿದು ನಾತ? ದೇವರಿಗೆ ಎಡೆ ಇಟ್ಟು ಬಡಿಸೋ ಅನ್ನ ಕಣ್ರೋ ಇದು. ನಿಮ್ಮ ಹಟ್ಟಿ ಅಂದ್ಕೊಂಡ್ರಾ?”

ಹುಚ್ಚರಂಗಯ್ಯನ ಬಾಯಿಂದ ಹೊರಟಿದ್ದು, “ತಪ್ಪಾಯ್ತವ್ವ.”

ಮೂರು ಮೊಟ್ಟೆಯನ್ನು ಅವನ ಕೈಯಿಂದಲೇ ಕಸದ ಡಬ್ಬಕ್ಕೆ ಹಾಕಿಸಿದಳು. ಸುಲಿದಿದ್ದ ಮೊದಲನೆಯದನ್ನೂ ಹಾಕಿಸಿದಳು. ಜಗಲಿ ಒರೆಸು ಎಂದಳು. ಮೊಣಕಾಲೂರಿ ಒರೆಸುವಾಗ ಮೂರು ಸಲ ಕೆಮ್ಮು ಬಂತು, ಮೂರು ಸಲವೂ ಒರೆಸಿದ್ದನ್ನೇ ಮತ್ತೆ ಒರೆಸಬೇಕಾಯಿತು. ಹುಚ್ಚಕ್ಕ ಬಟ್ಟೆ ಕಿತ್ತುಕೊಳ್ಳಲು ಬಂದರೆ ಅವಳನ್ನೇ ಗದರಿದ.

“ಇಪ್ಪತ್ತೆಂಟು ವರ್ಸ ತೆಂಗಿನ ಸಿಪ್ಪೆ ಬಳಿದೆ,” ಎಂದ ಆಮೇಲೆ, ಮಂಚದ ಮೇಲೆ ಉಸಿರು ಹುಡುಕುತ್ತ. “ಈಗ ಮೊಟ್ಟೆ ಸಿಪ್ಪೆ ಬಳಿಯೋಕೆ ಬಡ್ತಿ ಆತು ಕಣೇ.”

ಹುಚ್ಚಕ್ಕ ನಗಲಿಲ್ಲ. “ಯೋವ್, ನೀನು ತಮಾಸೆ ಮಾಡ್ಕಂಡೇ ಸಾಯ್ತೀಯ,” ಎಂದಳು. “ತಪ್ಪಾಯ್ತು ಅಂದ್ಯಲ್ಲ, ಏನು ತಪ್ಪು ಮಾಡಿದ್ದೆ? ಹೇಳು ನೋಡವ. ಕೋಳಿ ಇಕ್ಕಿದ್ದು ತಪ್ಪಾ, ನೀನು ಹಸ್ಕಂಡಿದ್ದು ತಪ್ಪಾ?”

ಅವನಿಗೆ ಬಾಯಿಪಾಠ ಇದ್ದದ್ದು ತಪ್ಪಾಯ್ತು ಎಂಬ ಅದೊಂದೇ ಮಾತು. ಅಪ್ಪ ಕಲಿಸಿದ್ದು, ಅಪ್ಪನಿಗೆ ಅವನಪ್ಪ ಕಲಿಸಿದ್ದು. ಆಸ್ತಿ ಅಂತ ಕೈಗೆ ಬಂದಿದ್ದೂ ಅದೊಂದೇ.

ಆ ವಾರದಲ್ಲಿ ಮೂರನೇ ಮಂಚದ ಮುದುಕ ತೀರಿಕೊಂಡ. ಅಮ್ಮಸಂದ್ರದ ಕಡೆಯವನು, ತೂಕ ಇಪ್ಪತ್ತೊಂಬತ್ತು. ಹೆಣ ಹೊತ್ತ ಭೀಮರಾಜು ಒಂದೇ ಕೈ ಸಾಕಾಯ್ತು ಎಂದ. ಮುದುಕನ ಬಾಳೆಹಣ್ಣು ಗೂಡಿನಲ್ಲಿ ಹಾಗೇ ಉಳಿದಿತ್ತು. ಹುಚ್ಚರಂಗಯ್ಯ ಅತ್ತ ನೋಡಬಾರದು ಅಂದುಕೊಂಡ, ಐದು ನಿಮಿಷ ನೋಡಲಿಲ್ಲ, ಆಮೇಲೆ ಎದ್ದು ಹೋಗಿ ತಿಂದ. ಸತ್ತವನ ಪಾಲು ತಿಂದೆನಲ್ಲ ಎಂದು ನಾಚಿಕೆಯಾಯಿತು. ಸಿಪ್ಪೆಯ ಒಳಮೈಯನ್ನು ಹಲ್ಲಿನಿಂದ ಕೆರೆಯುವಾಗಲೂ ನಾಚಿಕೆ ಆಗುತ್ತಲೇ ಇತ್ತು. ಮಧ್ಯಾಹ್ನಕ್ಕೆ ಆ ಮಂಚಕ್ಕೆ ಹೊಸಬ ಬಂದ. ಹನ್ನೊಂದು ಮಂಚ ಮತ್ತೆ ತುಂಬಿತು.

ಮರುದಿನ ಬೆಳಿಗ್ಗೆ ವಾರ್ಡಿಗೆ ಫಿನಾಯಿಲ್ ಹಾಕಿ ತೊಳೆದರು, ಹೊಸ ಹಾಸು ಹಾಸಿದರು. ಮಲ್ಲಿಕಾರ್ಜುನಯ್ಯನವರು ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರ ವಿತರಿಸುತ್ತಾರೆ, ಫೋಟೊ ಪೇಪರಿಗೆ ಹೋಗುತ್ತದೆ, ಹಲ್ಲು ಉಜ್ಜಿಕೊಳ್ಳಿ ಎಂದು ಭೀಮರಾಜು ಸಾರಿ ಹೋದ.

ಹತ್ತು ಗಂಟೆಗೆ ಬಂದರು. ರೇಷ್ಮೆ ಶಲ್ಯ, ಮಾಸ್ಕಿನ ಮೇಲುಗಡೆ ಹಣೆಗೆ ವಿಭೂತಿ. ಹಿಂದೆ ಫೋಟೊದವನು, ವಿಮಲಮ್ಮ, ಕೊನೆಯಲ್ಲಿ ಲಿಖಿತಾ. ವಿಮಲಮ್ಮನ ಕೈಯಲ್ಲಿ ಪ್ರೋಟೀನ್ ಪುಡಿಯ ಡಬ್ಬಿ, ಹೊಳೆಯುವ ಕಾಗದದ್ದು, ಅದರ ಮೇಲೆ ಗುಂಡುಗುಂಡಗಿನ ಮಗುವಿನ ಚಿತ್ರ. ಮೊದಲ ಮಂಚದವನ ಕೈಗೆ ಮಲ್ಲಿಕಾರ್ಜುನಯ್ಯನವರು ಡಬ್ಬಿ ಕೊಟ್ಟರು. ಬೆಳಕು ಮಿಂಚಿತು. ವಿಮಲಮ್ಮ ಡಬ್ಬಿ ವಾಪಸು ತೆಗೆದುಕೊಂಡು, ಬಟ್ಟೆಯಿಂದ ಒರೆಸಿ, ಎರಡನೇ ಮಂಚಕ್ಕೆಂದು ಅವರ ಕೈಗೇ ಕೊಟ್ಟಳು. ಬೆಳಕು ಮಿಂಚಿತು. ಮತ್ತೆ ಒರೆಸಿದಳು.

ಹನ್ನೊಂದು ಮಂಚಕ್ಕೂ ಬಂದಿದ್ದುದು ಒಂದೇ ಡಬ್ಬಿ. ಉಳಿದವು ಯಾವಾಗ ಬರುತ್ತವೆ ಎಂದು ದಯಾನಂದ ಕೇಳಿದ್ದಕ್ಕೆ, ಬರ್ತವೆ ಬುಡು ಎಂದಳು ವಿಮಲಮ್ಮ. ಲಿಖಿತಾ ನೆಲ ನೋಡುತ್ತಿದ್ದಳು.

ಹುಚ್ಚರಂಗಯ್ಯನದು ಏಳನೇ ಮಂಚ. ಮಲ್ಲಿಕಾರ್ಜುನಯ್ಯನವರು ಗುರುತು ಹಿಡಿದರು. “ನಮ್ಮ ತೋಟದಲ್ಲಿ ಸುಲೀತಿದ್ದೋನಲ್ವೇನ್ಲಾ ನೀನು? ಏನೋ ಹಿಂಗಾಗೋಗಿದ್ದೀಯ.”

“ಹೂಂ ಬುದ್ಧಿ. ಕಾಯೆಲ್ಲ ಮುಗೀತು, ಈಗ ನನ್ನೇ ಸುಲ್ಕಂಡೆ.”

ಅವರು ಮಾಸ್ಕಿನೊಳಗೇ ನಕ್ಕರು. ತೋಳು ಪೂರ್ತಿ ಚಾಚಿ, ಎರಡೇ ಬೆರಳಲ್ಲಿ ಡಬ್ಬಿ ಹಿಡಿದು ಕೊಟ್ಟರು. ಅವರು ದೂರ ನಿಂತದ್ದು ಹುಚ್ಚರಂಗಯ್ಯನಿಗೆ ಹೊಸದಲ್ಲ. ತೋಟದಲ್ಲೂ ಅವನ ಬೊಗಸೆಗೆ ನೀರು ಬೀಳುತ್ತಿದ್ದುದು ಅಷ್ಟೇ ದೂರದಿಂದ. ಈ ಸಲ ಅದಕ್ಕೆ ಡಾಕ್ಟರರ ಒಪ್ಪಿಗೆಯೂ ಇತ್ತು, ಅಷ್ಟೇ ವ್ಯತ್ಯಾಸ.

ನಗು ಎಂದ ಫೋಟೊದವನು. ಹುಚ್ಚರಂಗಯ್ಯ ನಕ್ಕ. ಬೆಳಕು ಮಿಂಚಿತು. ವಿಮಲಮ್ಮ ಬಟ್ಟೆ ಹಿಡಿದು ಕೈ ಚಾಚಿದಳು.

ಆ ಕ್ಷಣದಲ್ಲಿ ತಾನು ಯೋಚನೆ ಮಾಡಿದೆ ಎಂದು ಅವನು ಯಾವತ್ತೂ ಹೇಳಲಿಲ್ಲ. ಯೋಚನೆ ಮಾಡಿದ್ದರೆ ತಪ್ಪಾಯ್ತು ಅಂದುಬಿಡುತ್ತಿದ್ದೆ ಎನ್ನುತ್ತಿದ್ದ. ಮುಚ್ಚಳ ತಿರುಗಿಸಿದ. ಒಳಗಿನ ಬಿಗಿ ಕಾಗದಕ್ಕೆ ಹೆಬ್ಬೆರಳು ಊರಿದ. ಲಕ್ಷಾಂತರ ಕಾಯಿ ಕಂಡ ಬೆರಳು, ಕಾಗದ ಚರ್ರನೆ ಹರಿಯಿತು. ಕೈಯನ್ನು ಮಣಿಕಟ್ಟಿನ ತನಕ ಒಳಗೆ ಇಳಿಸಿ, ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡ. ಒಣ ಪುಡಿ ಗಂಟಲಿಗೆ ಅಡರಿ ಕೆಮ್ಮು ಬಂತು. ಬಿಳಿ ಹೊಗೆ ಎದ್ದು ರೇಷ್ಮೆ ಶಲ್ಯದ ಮೇಲೆ ಕೂತಿತು. ಮಲ್ಲಿಕಾರ್ಜುನಯ್ಯನವರು ಬಾಗಿಲ ತನಕ ಹಿಂದಕ್ಕೆ ಹಾರಿದರು. ಹುಚ್ಚರಂಗಯ್ಯ ಬೆರಳು ಐದನ್ನೂ ನೆಕ್ಕಿ, ಅದೇ ಕೈಯನ್ನು ಮತ್ತೆ ಡಬ್ಬಿಗೆ ಇಳಿಸಿದ.

“ಕಿತ್ಕೊಳ್ಳೋ ಭೀಮರಾಜು, ಆ ಬೋಳಿಮಗನ ಕೈಯಿಂದ,” ಎಂದರು ಯಜಮಾನರು.

ಬಾಗಿಲಲ್ಲಿದ್ದ ಭೀಮರಾಜು ಎರಡು ಹೆಜ್ಜೆ ಬಂದು ನಿಂತ.

“ಎಂಜಲಾಯ್ತು ಬುದ್ಧಿ,” ಎಂದ ಹುಚ್ಚರಂಗಯ್ಯ, ಗಡ್ಡವೆಲ್ಲ ಬಿಳಿ ಮಾಡಿಕೊಂಡು. “ನನ್ನ ಜಾತಿನೂ ಬಿತ್ತು, ಕಾಯ್ಲೆನೂ ಬಿತ್ತು. ಈಗ ಯಾರು ಮುಟ್ತೀರೋ ಮುಟ್ಟಿ.”

ಯಾರೂ ಮುಟ್ಟಲಿಲ್ಲ. ದಯಾನಂದ ತಟ್ಟೆ ಚಾಚಿದ. ಅವನಿಗೊಂದು ಹಿಡಿ ಬಿತ್ತು. ಮೂರನೇ ಮಂಚದ ಹೊಸಬನೂ ಎದ್ದು ಬಂದ. ತಮ್ಮ ರೋಗವೇ ತಮಗೆ ಅಂಟೀತೆಂಬ ಭಯ ಆ ಹನ್ನೊಂದು ಮಂದಿಯಲ್ಲಿ ಯಾರಿಗೂ ಇರಲಿಲ್ಲ. ಒಣ ಪುಡಿ ಹೊಟ್ಟೆ ಕೆಡಿಸುತ್ತದೆ, ಹಾಲಿನಲ್ಲಿ ಕಲಸಬೇಕು ಎಂದಳು ಲಿಖಿತಾ, ಮೆಲ್ಲಗೆ. ಹಾಲು ಎಲ್ಲಿ ಎಂದು ಗಂಡನ ಮಂಚದ ಪಕ್ಕ ನಿಂತಿದ್ದ ಹುಚ್ಚಕ್ಕ ಕೇಳಿದಳು. ಲಿಖಿತಾ ವಿಮಲಮ್ಮನ ಮುಖ ನೋಡಿದಳು, ಯಜಮಾನರ ಮುಖ ನೋಡಿದಳು, ಮಂಚದಿಂದ ಚೀಟಿ ಕಿತ್ತುಕೊಂಡು ಅಡುಗೆಮನೆಯ ಕಡೆ ನಡೆದಳು.

ಅರ್ಧ ಗಂಟೆಗೆ ಪೊಲೀಸು ಬಂದ. ಟ್ರಸ್ಟಿನ ವಸ್ತು ಕಿತ್ತುಕೊಂಡು, ರೋಗ ಹರಡಲು ನೋಡಿದನೆಂದು ದೂರು. ಡಬ್ಬಿ ತಂದು ಕೊಡು ಎಂದ, ಮೂಗಿಗೆ ಕರ್ಚೀಫು ಒತ್ತಿಕೊಂಡು.

“ನಡೆಯೋಕಾಗಾಕಿಲ್ಲ ಸ್ವಾಮಿ, ಮೂವತ್ನಾಲ್ಕು ಕೆ.ಜಿ. ಆಳು,” ಎಂದ ಹುಚ್ಚರಂಗಯ್ಯ. “ನೀವೇ ಒಳಕ್ಕೆ ಬಂದು ತಗಂಡೋಗಿ.”

ಪೊಲೀಸಿನವನ ಒಂದು ಕಾಲು ಹೊಸ್ತಿಲ ಒಳಗಿತ್ತು. ಅವನು ಆ ಕಾಲನ್ನು ನೋಡಿಕೊಂಡ. ಒಳಗೆ ಹನ್ನೊಂದು ತಟ್ಟೆಯ ಸದ್ದು, ನಡುನಡುವೆ ಕೆಮ್ಮು. ಹುಚ್ಚಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಎಂಟನೇ ಮಂಚದವನಿಗೆ ಎರಡನೇ ಸಲ ಬಡಿಸುತ್ತಿದ್ದಳು.